ಸಪ್ಪೆ ನೀರು, ಏಪ್ರಿಲ್ ಬಿಸಿಲು, ಗೆಂಡೆ ಮರಿ: ಸಕಲೇಶಪುರ ಕಡೆಯ ಹೊಂಡದಲ್ಲಿ ನನ್ನ ಅನುಭವ

ಮಲೆನಾಡಿನ ಹೊಂಡಕ್ಕೆ ಬೇಸಿಗೆಯಲ್ಲಿ ಸ್ಪಾನ್ (ಆಗಷ್ಟೇ ಮೊಟ್ಟೆಯೊಡೆದು ಬಂದ ಮೀನುಮರಿ) ಬಿಟ್ಟರೆ ಒಂದೂ ಉಳಿಯುವುದಿಲ್ಲ ಎಂದು ಹಾಸನ ಜಿಲ್ಲೆಯಲ್ಲಿ ಮೀನು ಸಾಕುವವರು ಬಹಳ ಮಂದಿ ಹೇಳುತ್ತಾರೆ. ಉಳಿಯುತ್ತದೆ. ಎರಡು ಗುಂಟೆಯ ಹೊಂಡಕ್ಕೆ ಮಾರ್ಚ್ ಕೊನೆಗೆ ಸಾಮಾನ್ಯ ಗೆಂಡೆಯ ಸ್ಪಾನ್ ಬಿಟ್ಟು ನೂರಕ್ಕೆ ನಲವತ್ತರ ಮೇಲೆ ಫ್ರೈ (ಒಂದಿಂಚಿನ ಮರಿ) ತೆಗೆಯುತ್ತಿದ್ದೇನೆ. ಅರಸೀಕೆರೆ ಕಡೆಯ ಗಡಸು ನೀರಿನವರೂ ಈಗ ಬಂದು ನೋಡಿಕೊಂಡು ಹೋಗುತ್ತಾರೆ. ಇಷ್ಟು ಪಾಡು ಏಕೆಂದರೆ, ಕಾಟ್ಲ, ರೋಹು ಮರಿ ಬರುವುದು ಮುಂಗಾರು ಹಿಡಿದ ಮೇಲೆ. ಕೆರೆಗೆ ಹೊಸ ನೀರು ಬರುವ ಹೊತ್ತಿಗೆ ಬೆರಳುದ್ದದ ಮರಿ ಯಾರ ಕೈಯಲ್ಲಿದೆಯೋ ಬೆಲೆ ಅವರದು.

ನಮ್ಮ ಕಡೆ ಎಲ್ಲರೂ ಪಿಎಚ್ (ನೀರಿನ ಹುಳಿಯ ಅಳತೆ, 7ರ ಕೆಳಗೆ ಹುಳಿ) ನೋಡುತ್ತಾರೆ, ಆಲ್ಕಲಿನಿಟಿ, ಅಂದರೆ ಆ ಪಿಎಚ್ ಏರಿಳಿಯದಂತೆ ಹಿಡಿದಿಡುವ ನೀರಿನ ಶಕ್ತಿ, ನೋಡುವುದಿಲ್ಲ. ಮಳೆ ತೊಳೆದ ಹುಳಿ ಮಣ್ಣಿನ ಮೇಲೆ ನಿಂತ, ಸುಣ್ಣದಂಶ ಕಡಿಮೆಯಿರುವ ಸಪ್ಪೆ ನೀರಿನಲ್ಲಿ ಅದು ಲೀಟರಿಗೆ 10-15 ಮಿಲಿಗ್ರಾಂ ಇದ್ದರೆ ಹೆಚ್ಚು. 20ರ ಕೆಳಗಿನ ನೀರಿಗೆ ಹಿಡಿತವೇ ಇಲ್ಲ. ರಾತ್ರಿಯೆಲ್ಲ ಪಾಚಿ, ಪ್ಲಾಂಕ್ಟನ್ (ಮರಿಗೆ ಮೇವಾಗುವ ಸೂಕ್ಷ್ಮ ಜೀವಿಗಳು), ಮರಿ ಎಲ್ಲ ಉಸಿರಾಡಿ ಬಿಟ್ಟ ಇಂಗಾಲದ ಡೈಆಕ್ಸೈಡ್ ಸೇರಿ ಬೆಳಗಿನ ಜಾವ ಪಿಎಚ್ 6ರ ಹತ್ತಿರ ಬರುತ್ತದೆ. ಮಧ್ಯಾಹ್ನ ಮೂರಕ್ಕೆ ಪಾಚಿ ಅದನ್ನೆಲ್ಲ ಹೀರಿಕೊಂಡು 9 ದಾಟಿಸುತ್ತದೆ. ಆ ಹೊತ್ತಿನಲ್ಲೇ ಮೇಲಿನ ಒಂದು ಗೇಣು ನೀರು 32-33 ಡಿಗ್ರಿ. ಮರಿಯ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಇನ್ನೊಂದು ಕಾಟ: ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷವಾಗುವ ಪಾಲು ನೂರಕ್ಕೆ ಒಂದೂ ಇಲ್ಲ. 9ರಲ್ಲಿ, ಆ ಬಿಸಿಯಲ್ಲಿ, ನೂರಕ್ಕೆ ನಲವತ್ತರ ಮೇಲೆ. ಜೊತೆಗೆ ನಾವಿರುವುದು ಮೂರು ಸಾವಿರ ಅಡಿ ಎತ್ತರದಲ್ಲಿ. 30 ಡಿಗ್ರಿ ನೀರು ಸಮುದ್ರ ಮಟ್ಟದಲ್ಲಿ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿ ಏಳಕ್ಕಿಂತ ಕಡಿಮೆ. ಬಿಸಿ ಏರಿದಂತೆ ಮರಿಗೆ ಉಸಿರು ಹೆಚ್ಚು ಬೇಕು, ನೀರಿನಲ್ಲಿರುವುದು ಕಡಿಮೆ. ಅರ್ಧ ಸೆಂಟಿಮೀಟರಿನ ಸ್ಪಾನ್‌ಗೆ ಕಿವಿರು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮೈಯೊಳಗಿನ ಹುಳಿ ಸರಿದೂಗಿಸುವ ಕೆಲಸದ ಬಹುಪಾಲು ಚರ್ಮದ ಜೀವಕೋಶಗಳದೇ. ಆ ಕೆಲಸಕ್ಕೆ ಖರ್ಚಾದ ಶಕ್ತಿ ಬೆಳವಣಿಗೆಗೆ ಸಿಗುವುದಿಲ್ಲ.

ಹಾಗಾಗಿ ಮೊದಲು ಸುಣ್ಣ. ನೀರು ಬಿಟ್ಟ ಮೇಲೆ ಸುಟ್ಟ ಸುಣ್ಣ ಚೆಲ್ಲುವ ಪದ್ಧತಿ ನಮ್ಮಲ್ಲಿ ಜೋರಾಗಿದೆ. ಸಪ್ಪೆ ನೀರಿನಲ್ಲಿ ಅದು ಪಿಎಚ್ಚನ್ನು 10ರ ಮೇಲಕ್ಕೆ ಹಾರಿಸುತ್ತದೆ, ಮರಿ ಇದ್ದರೆ ಹೊಂಡ ಖಾಲಿ. ಕಾಫಿ ತೋಟಕ್ಕೆ ಹಾಕುವ ಕೃಷಿ ಸುಣ್ಣ ಅಥವಾ ಡಾಲೊಮೈಟೇ ಸಾಕು. ಒಣಗಿದ ತಳಕ್ಕೆ ಗುಂಟೆಗೆ 12-13 ಕೆಜಿ ಎರಚಿ, ಕುಂಟೆ ಎಳೆದು, ವಾರ ಬಿಟ್ಟು ನೀರು. ಆದರೆ ಆಲ್ಕಲಿನಿಟಿ 50ರ ಆಸುಪಾಸಿಗೆ ಬಂದ ಮೇಲೆ ಈ ಸುಣ್ಣ ಕರಗುವುದು ನಿಲ್ಲುತ್ತದೆ. ಇನ್ನೂ ನಾಲ್ಕು ಮೂಟೆ ಸುರಿದರೂ ತಳದಲ್ಲಿ ಬಿಳಿಯಾಗಿ ಕೂರುತ್ತದೆ. ಅಲ್ಲಿಂದ ಮೇಲಕ್ಕೆ ಅಡುಗೆ ಸೋಡಾ. ಕೋಳಿ ಫಾರಂನವರು ಬೇಸಿಗೆಗೆ ತರಿಸುವ 25 ಕೆಜಿ ಚೀಲವೇ ಅಗ್ಗ. ಒಂದು ಲಕ್ಷ ಲೀಟರಿಗೆ 1.7 ಕೆಜಿ ಹಾಕಿದರೆ ಆಲ್ಕಲಿನಿಟಿ 10 ಮಿಲಿಗ್ರಾಂ ಏರುತ್ತದೆ. ನನ್ನದು ಸುಮಾರು ಎರಡು ಲಕ್ಷ ಲೀಟರ್. ಏಳು ಕೆಜಿಯಷ್ಟನ್ನು ಬಕೆಟ್‌ನಲ್ಲಿ ಕರಗಿಸಿ, ಎರಡು ಸಂಜೆಗೆ ಭಾಗ ಮಾಡಿ ಸುತ್ತಲೂ ಚೆಲ್ಲುತ್ತೇನೆ. 70 ಬಂದರೆ ಪಿಎಚ್ ಬೆಳಗ್ಗೆ 7.2, ಮಧ್ಯಾಹ್ನ 8.3ರೊಳಗೆ ನಿಲ್ಲುತ್ತದೆ.

ಗೊಬ್ಬರ ಎಲ್ಲರಿಗೂ ಗೊತ್ತಿರುವುದೇ: ಗುಂಟೆಗೆ ಏಳೂವರೆ ಕೆಜಿ ಕಡಲೆಕಾಯಿ ಹಿಂಡಿ, ಎರಡು ಕೆಜಿ ಸಗಣಿ, ಅರ್ಧ ಕೆಜಿ ಸೂಪರ್ ಫಾಸ್ಫೇಟ್, ನೆನೆಸಿ, ಅರ್ಧ ಸ್ಪಾನ್ ಬಿಡುವ ಮುಂಚೆ, ಅರ್ಧ ಆಮೇಲೆ. ಹಿಂಡಿ ನೆನೆಸುವಾಗ ಇನ್ನೊಂದನ್ನು ಸೇರಿಸುತ್ತೇನೆ, ಅದು ನನ್ನಲ್ಲೇ ಇರಲಿ. ಮರಿಯನ್ನು ತಿಂದುಹಾಕುವ ನೀರುಹುಳ ಕೊಲ್ಲಲು ಸ್ಪಾನ್ ಬಿಡುವ ಹಿಂದಿನ ದಿನ ಗಾಳಿ ಇಲ್ಲದ ಹೊತ್ತಿನಲ್ಲಿ ಗುಂಟೆಗೆ ಅರ್ಧ ಕೆಜಿಗೆ ಸ್ವಲ್ಪ ಮೇಲೆ ಎಣ್ಣೆ, 180 ಗ್ರಾಂ ಸೋಪು ಕಲಸಿ ಬಿಡಬೇಕು.

ನೆರಳಿಗೆ 50 ಪರ್ಸೆಂಟಿನ ಶೇಡ್‌ನೆಟ್, ಪಶ್ಚಿಮದ ಮೂರನೇ ಒಂದು ಭಾಗಕ್ಕೆ ಮಾತ್ರ, ನೀರಿನಿಂದ ಎರಡಡಿ ಎತ್ತರದಲ್ಲಿ. ಪೂರ್ತಿ ಮುಚ್ಚಿದರೆ ಪ್ಲಾಂಕ್ಟನ್ ಸೋತು ಮರಿ ಹಸಿವಿನಿಂದ ಸಾಯುತ್ತದೆ. ಅಡಿಕೆ ಸೋಗೆ ಪುಕ್ಕಟೆ ಸಿಗುತ್ತದೆ ಎಂದು ನೀರಿಗೇ ಹಾಸಬೇಡಿ, ಕೊಳೆತು ರಾತ್ರಿಯ ಆಮ್ಲಜನಕ ತಿನ್ನುತ್ತದೆ. ನೆಟ್ ಕೆಳಗೆ ಮಧ್ಯಾಹ್ನ 30 ಡಿಗ್ರಿ ಸಿಗುತ್ತದೆ, ಮರಿ ತಾವಾಗಿಯೇ ಅಲ್ಲಿಗೆ ಸೇರುತ್ತವೆ.

ಸ್ಪಾನ್ ಬಿಡುವ ಹೊತ್ತು ಎಲ್ಲಕ್ಕಿಂತ ಮುಖ್ಯ. ರಾತ್ರಿಯೆಲ್ಲ ಪ್ರಯಾಣ ಮಾಡಿದ ಆಮ್ಲಜನಕದ ಚೀಲದಲ್ಲಿ ಮರಿ ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಆರೂವರೆಗೆ ಇಳಿದಿರುತ್ತದೆ. ಅಮೋನಿಯಾವೂ ಇರುತ್ತದೆ, ಹುಳಿ ಇರುವ ತನಕ ಅದರ ವಿಷ ಕಾಣುವುದಿಲ್ಲ. ಮಧ್ಯಾಹ್ನದ ಹೊಂಡಕ್ಕೆ ಸುರಿದರೆ ಪಿಎಚ್ಚಿನ ದಿಢೀರ್ ಏರು, ಅಮೋನಿಯಾ ಎರಡೂ ಒಟ್ಟಿಗೆ ಹೊಡೆಯುತ್ತವೆ. ಸಂಜೆಗೆ ದಡದಲ್ಲಿ ಬಿಳಿ ನೂಲಿನ ಚೂರಿನಂತೆ ಸತ್ತ ಮರಿ ತೇಲುತ್ತವೆ. ಬೆಳಗ್ಗೆ ಆರು ಗಂಟೆಗೆ ಹೊಂಡದ ಪಿಎಚ್ಚೂ ಕೆಳಗಿರುತ್ತದೆ, ಆಗಲೇ ಬಿಡಬೇಕು. ಚೀಲ ಬಿಚ್ಚದೆ ಅರ್ಧ ಗಂಟೆ ತೇಲಿಸಿ, ಬಿಚ್ಚಿದ ಮೇಲೆ ತಡಮಾಡದೆ ಲೋಟ ಲೋಟವಾಗಿ ನೀರು ಬೆರೆಸಿ, ಬಾಯಿ ಓರೆ ಮಾಡಿ. ಮರಿ ತಾವಾಗಿ ಈಜಿ ಹೊರಗೆ ಬರಲಿ. ಎರಡು ಗುಂಟೆಗೆ 50 ಸಾವಿರ ನನ್ನ ಮಿತಿ. ಪುಸ್ತಕದಲ್ಲಿ ಇನ್ನೂ ಹೆಚ್ಚು ಹೇಳಿದ್ದಾರೆ, ಬೇಸಿಗೆಗೆ ಅದು ಬೇಡ. ಮೇವಿಗೆ ಹಿಂಡಿ-ತೌಡು ಸಮ ಪುಡಿ ಮೊದಲ ಐದು ದಿನ ದಿನಕ್ಕೆ 300 ಗ್ರಾಂ, ಆಮೇಲೆ 600.

ಬೇಸಿಗೆಯಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕಾಫಿಗೆ ಒಳ್ಳೆಯದು, ಮರಿಗೆ ಯಮ. ಶುದ್ಧ ಮಳೆನೀರಿನ ಪಿಎಚ್ಚೇ 5.6ರ ಸುತ್ತ, ದರೆಯ ಹುಳಿ ಮಣ್ಣನ್ನೂ ತೊಳೆದು ತರುತ್ತದೆ. ತಣ್ಣೀರು ಮೇಲೆ ಬಿದ್ದು ತಳದ ಕೆಟ್ಟ ನೀರು ಮೇಲೇಳುತ್ತದೆ. ಸುತ್ತ ಬದು ಮತ್ತು ಮೊಣಕಾಲುದ್ದ ಕಾಲುವೆ ಇರಲೇಬೇಕು, ಮಳೆ ನಿಂತ ಕೂಡಲೇ ಎರಡು ಕೆಜಿ ಸೋಡಾ, ರಾತ್ರಿಯಿಡೀ ನೀರಿಗೆ ಗಾಳಿ ಊದುವ ಬ್ಲೋವರ್. ರೊಬಸ್ಟಾ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪಿಂಗ್ ಮುಗಿಯುವ ತನಕ ಹಳ್ಳದ ನೀರು ಎತ್ತಬೇಡಿ, ಪಲ್ಪರ್ ನೀರು ಬರೀ ಹುಳಿ.

ಕಡಲು ಬಿಸಿಯಾಗಿ, ಹುಳಿಯಾಗಿ ಮೀನುಮರಿಗಳಿಗೆ ತೊಂದರೆ ಎಂಬ ಸುದ್ದಿ ಓದಿ ನೀಲಿ ಡ್ರಮ್‌ಗಳಲ್ಲೂ ಸ್ವಲ್ಪ ಕೆಲಸ ಮಾಡಿದೆ. ಒಂದು ಹಾಗೇ, ಒಂದಕ್ಕೆ ಅಕ್ವೇರಿಯಂ ಹೀಟರಿನಿಂದ 32 ಡಿಗ್ರಿ, ಒಂದಕ್ಕೆ ಸಕ್ಕರೆ-ಯೀಸ್ಟ್ ಬಾಟಲಿಯಿಂದ ಇಂಗಾಲದ ಡೈಆಕ್ಸೈಡ್ ಬಿಟ್ಟು ಪಿಎಚ್ 6.8, ಒಂದಕ್ಕೆ ಎರಡೂ. ಬಿಸಿಯದು ಗಾಳಿ ಮತ್ತು ಮೇವು ಹೆಚ್ಚಿಸಿದಾಗ ಬೇಗ ಬೆಳೆಯಿತು, ಅಷ್ಟೇ ಮೇವು ಕೊಟ್ಟಾಗ ತಲೆ ದಪ್ಪ, ಹೊಟ್ಟೆ ಸಣ್ಣ. ಹುಳಿಯದು ನಿಧಾನ, ಆದರೆ ಬದುಕಿತು. ಎರಡೂ ಸೇರಿದ ಡ್ರಮ್‌ನಲ್ಲಿ ಉಳಿದದ್ದು ಮೊದಲಿನದರ ಅರ್ಧ. ಕಡಲಿನ ಆಲ್ಕಲಿನಿಟಿ ನಮ್ಮ ಲೆಕ್ಕದಲ್ಲಿ 115ರ ಸುತ್ತ, ಅದಕ್ಕೇ ತೆರೆದ ಕಡಲಿನಲ್ಲಿ ಪಿಎಚ್ ದಿನಕ್ಕೆ ಹೀಗೆ ಕುಣಿಯುವುದಿಲ್ಲ. ಕೈಗಾರಿಕೆ ಶುರುವಾದ ಮೇಲೆ ಅದು 8.2ರಿಂದ 8.1ರ ಹತ್ತಿರಕ್ಕೆ ಇಳಿದಿದೆ; ಕೇಳಲು ಸಣ್ಣದು, ಆದರೆ ಹುಳಿಗೆ ಕಾರಣವಾದ ಹೈಡ್ರೋಜನ್ ಅಯಾನು ನೂರಕ್ಕೆ ಮೂವತ್ತರಷ್ಟು ಹೆಚ್ಚಾಗಿದೆ. ಈ ಶತಮಾನದ ಕೊನೆಗೆ ಬರಬಹುದಾದ ಹುಳಿಯ ಮಟ್ಟದಲ್ಲಿ ಸಾಕಿದ ಅಟ್ಲಾಂಟಿಕ್ ಕಾಡ್ ಮೀನಿನ ಮರಿಗಳ ದಿನದ ಸಾವು ದುಪ್ಪಟ್ಟಾಯಿತೆಂದು 2016ರಲ್ಲಿ ಪ್ರಕಟವಾಗಿತ್ತು. ಹವಳದ ಮೀನಿನ ಮರಿ ವಾಸನೆ ಮರೆತು ಶತ್ರುವಿನ ಹತ್ತಿರವೇ ಹೋಗುತ್ತದೆ ಎಂಬ ಮಾತನ್ನು ಮಾತ್ರ 2020ರ ದೊಡ್ಡ ಮರುಪರೀಕ್ಷೆ ಎತ್ತಿ ಹಿಡಿಯಲಿಲ್ಲ. ನಾವು ಸೋಡಾ ಸುರಿದು ಸರಿಮಾಡುತ್ತೇವೆ; ಬೂತಾಯಿ, ಬಂಗುಡೆ ಮರಿಗೆ ಆ ಅನುಕೂಲ ಇಲ್ಲ. ನನಗೆ ಇದು ನಿಜವಾದ ಚಿಂತೆ.

ದುಡ್ಡಿನ ಲೆಕ್ಕ ಅಂದಾಜು. ಸುಣ್ಣ, ಸೋಡಾ, ಹಿಂಡಿ, ತೌಡು, ಎಣ್ಣೆ, ಕರೆಂಟು ಸೇರಿ ಸೀಸನ್ನಿಗೆ ಐದಾರು ಸಾವಿರ, ಸ್ಪಾನ್ ಮತ್ತು ಸಾಗಣೆ ಎರಡು ಸಾವಿರದ ಹತ್ತಿರ. ಶೇಡ್‌ನೆಟ್ ಎರಡೂವರೆ ಸಾವಿರ, ಮೂರು ಬೇಸಿಗೆ ಬರುತ್ತದೆ. 20-22 ಸಾವಿರ ಫ್ರೈಯಲ್ಲಿ ಹದಿನೈದು ಸಾವಿರವನ್ನು ಒಂದಕ್ಕೆ ಐವತ್ತು-ಅರವತ್ತು ಪೈಸೆಗೆ ಕೊಟ್ಟು, ಉಳಿದದ್ದನ್ನು ಕೃಷಿಹೊಂಡದಲ್ಲಿ ಬೆರಳುದ್ದ ಮಾಡಿ ಎರಡೂವರೆ ರೂಪಾಯಿಗೆ ಮಾರಿದರೆ ಒಟ್ಟು ಇಪ್ಪತ್ತು ಸಾವಿರ ದಾಟುತ್ತದೆ.

ಫ್ರೈ ಹಿಡಿಯುವುದು ಒಂದಿಂಚು ಬಂದಾಗ, ಮೋಡ ಇದ್ದ ಬೆಳಗ್ಗೆ. ಹಿಂದಿನ ದಿನ ಮೇವು ನಿಲ್ಲಿಸಿ, ಹಾಪಾದಲ್ಲಿ (ನೀರಿನಲ್ಲಿ ಕಟ್ಟುವ ಸಣ್ಣ ಕಣ್ಣಿನ ಬಲೆಯ ತೊಟ್ಟಿ) ಹರಿವ ನೀರಿಗೆ ಕೆಲವು ಗಂಟೆ ಇಟ್ಟು ಹೊಟ್ಟೆ ಖಾಲಿಯಾದ ಮೇಲೆಯೇ ಚೀಲಕ್ಕೆ ತುಂಬಬೇಕು. ಕೊಳ್ಳುವವರ ಕೆರೆಯ ಬೆಳಗಿನ ಪಿಎಚ್ ಮೊದಲೇ ಕೇಳಿಕೊಳ್ಳಿ. ಆರೂವರೆಗಿಂತ ಕೆಳಗಿದ್ದರೆ ಸುಣ್ಣ ಹಾಕಿದ ಮೇಲೆ ಬನ್ನಿ ಎಂದು ನಾನು ವಾಪಸ್ ಕಳಿಸುತ್ತೇನೆ.