ಗಾಜಿನ ಮೇಲಿರುವುದು ಏನು? ಸ್ಪೆಸಿಮೆನ್ ಟೈಪ್‌ಗೆ ಕೋಡ್ ಹುಡುಕುವ ಬಗೆ

ನಮ್ಮ ಪೆಥಾಲಜಿ ಲ್ಯಾಬಿಗೆ ಸ್ಲೈಡ್ ಸ್ಕ್ಯಾನರ್ (ಗಾಜಿನ ಸ್ಲೈಡನ್ನು ಕಂಪ್ಯೂಟರ್ ಚಿತ್ರ ಮಾಡುವ ಯಂತ್ರ) ಬಂದ ವಾರ ನನ್ನ ಕೈಗೆ ಒಂದು ಎಕ್ಸೆಲ್ ಶೀಟ್ ಬಂತು. ಹಳೇ ಸಾಫ್ಟ್‌ವೇರಿನಿಂದ ತೆಗೆದ ‘ಸ್ಪೆಸಿಮೆನ್ ಟೈಪ್’ ಪಟ್ಟಿ, ಅಂದರೆ ಪರೀಕ್ಷೆಗೆ ಬಂದ ಸ್ಯಾಂಪಲ್ ಯಾವ ಬಗೆಯದು ಅನ್ನುವ ಪಟ್ಟಿ. ‘ಬ್ರೆಸ್ಟ್ ಲಂಪ್’, ‘ಲಂಪ್ ಬ್ರೆಸ್ಟ್ ಲೆಫ್ಟ್’, ‘ಟ್ರೂಕಟ್’ (ಸೂಜಿ ಬಯಾಪ್ಸಿ), ‘ಬ್ಲಾಕ್ ಫಾರ್ ಐಎಚ್‌ಸಿ’ (ಆ್ಯಂಟಿಬಾಡಿ ಬಳಸಿ ಬಣ್ಣ ಹಾಕುವ ಪರೀಕ್ಷೆಗೆ). ಒಂದು ಸಾಲಿನಲ್ಲಂತೂ ಬರೀ ‘ಸ್ಮಾಲ್’. ಸಣ್ಣ ಬಯಾಪ್ಸಿ ಅಂತ ಯಾರೋ ಬಿಲ್ಲಿಂಗ್‌ಗೆ ಹಾಕಿಕೊಂಡದ್ದು. ಇದಕ್ಕೆಲ್ಲ ಸ್ಟ್ಯಾಂಡರ್ಡ್ ಕೋಡ್ ಹಾಕಿ ಅಂದರು. ನಾನು 16 ವರ್ಷ ಮೈಕ್ರೋಟೋಮ್ (ಟಿಶ್ಯೂವನ್ನು ತೆಳುವಾಗಿ ಕತ್ತರಿಸುವ ಯಂತ್ರ) ತಿರುಗಿಸಿದವಳು. ಕೋಡ್ ಅಂದರೆ ಟಿಶ್ಯೂ ಕೂರಿಸಿದ ಮೇಣದ ಬ್ಲಾಕ್ ಮೇಲೆ ಪೆನ್ಸಿಲ್‌ನಲ್ಲಿ ಬರೆಯುವ ನಂಬರ್ ಅಂತಷ್ಟೇ ಗೊತ್ತಿತ್ತು.

ಮೊದಲ ದಿನವೇ ಎಡವಿದೆ. ಸ್ನೋಮೆಡ್ ಸಿಟಿ (ವೈದ್ಯಕೀಯ ಪದಗಳಿಗೆ ನಂಬರ್ ಕೊಡುವ ಅಂತರರಾಷ್ಟ್ರೀಯ ಪಟ್ಟಿ) ಬ್ರೌಸರ್‌ನಲ್ಲಿ ‘ಬ್ರೆಸ್ಟ್’ ಅಂತ ಟೈಪ್ ಮಾಡಿ, ಕಣ್ಣಿಗೆ ಬಿದ್ದ 76752008 ಹಾಕಿಬಿಟ್ಟೆ. ಟೆಸ್ಟ್ ಫೈಲ್ ತೆರೆದ ನಮ್ಮ ಡಾಕ್ಟರ್ ಕೇಳಿದರು, “ಏನಮ್ಮಾ, ಗಾಜಿನ ಮೇಲೆ ಇಡೀ ಸ್ತನವನ್ನೇ ಕೂರಿಸಿದ್ದೀಯಾ?” ಆ ಕೋಡ್ ದೇಹದ ಭಾಗದ್ದು, ಸ್ಪೆಸಿಮೆನ್‌ದಲ್ಲ. ಸ್ನೋಮೆಡ್‌ನಲ್ಲಿ ಪ್ರತಿ ಪೂರ್ಣ ಹೆಸರಿನ ಕೊನೆಗೂ ಒಂದು ಬಾಲ ಇರುತ್ತದೆ: ದೇಹದ ಭಾಗ, ಪ್ರೊಸೀಜರ್, ವಸ್ತು, ಸ್ಪೆಸಿಮೆನ್. ರಕ್ತವನ್ನೇ ನೋಡಿ. ವಸ್ತುವಾದರೆ 87612001, ಟ್ಯೂಬಿನಲ್ಲಿ ಬಂದ ಸ್ಯಾಂಪಲ್ ಆದರೆ 119297000. ಹೆಸರು ಓದುವ ಮೊದಲು ಬಾಲ ಓದಿ. ಟೈಪ್ ಜಾಗಕ್ಕೆ ಸ್ಪೆಸಿಮೆನ್ ಅನ್ನುವ ಬಾಲವೇ ಬೇಕು.

ಇನ್ನು ದೊಡ್ಡ ವಿಷಯ. ಡೈಕಾಮ್‌ನಲ್ಲಿ (ವೈದ್ಯಕೀಯ ಚಿತ್ರಗಳ ಫೈಲಿಗೆ ಇರುವ ಸ್ಟ್ಯಾಂಡರ್ಡ್) ‘ಸ್ಪೆಸಿಮೆನ್ ಟೈಪ್’ ಕೇಳುವುದು ಒಂದೇ ಪ್ರಶ್ನೆ: ಈ ವಸ್ತು ಏನು? ಎಲ್ಲಿಂದ ಬಂತು, ಹೇಗೆ ತೆಗೆದರು, ಯಾವ ಬಣ್ಣ ಹಾಕಿದರು ಅನ್ನುವುದಕ್ಕೆ ಬೇರೆ ಬೇರೆ ಜಾಗ ಇದೆ. ನಮ್ಮ ಹಳೇ ಪಟ್ಟಿಯ ರೋಗವೇ ಇದು. ನಾಲ್ಕು ಪ್ರಶ್ನೆಯ ಉತ್ತರವನ್ನು ಒಂದೇ ಡಬ್ಬಿಗೆ ತುರುಕಿದ್ದರು.

ಒಂದು ಕೇಸ್ ಹಿಡಿದು ನೋಡೋಣ. ಎಡ ಸ್ತನದ ಗಂಟು, ಆಪರೇಷನ್ ಮಾಡಿ ತೆಗೆದದ್ದು, ಫಾರ್ಮಲಿನ್ ಡಬ್ಬಿಯಲ್ಲಿ ಬಂದಿದೆ. ಡಬ್ಬಿಯಲ್ಲಿರುವುದು ಗ್ರಾಸ್ ಸ್ಪೆಸಿಮೆನ್, 430861001. ಗ್ರಾಸಿಂಗ್ ಮಾಡಿ (ಕಣ್ಣಿನಿಂದ ನೋಡಿ ಬೇಕಾದ ತುಂಡು ಕತ್ತರಿಸಿ), ಕ್ಯಾಸೆಟ್‌ಗೆ ಹಾಕಿ, ಪ್ಯಾರಾಫಿನ್‌ನಲ್ಲಿ ಕೂರಿಸಿದ ಮೇಲೆ ಅದು ಬ್ಲಾಕ್. ಅದಕ್ಕೆ ನಾನು ಬಳಸುವುದು 441652008, ಅಂದರೆ ಫಾರ್ಮಲಿನ್‌ನಲ್ಲಿ ಕೆಡದಂತೆ ಫಿಕ್ಸ್ ಆಗಿ ಪ್ಯಾರಾಫಿನ್ ಮೇಣದಲ್ಲಿ ಕೂತ ಟಿಶ್ಯೂ. ಬ್ಲಾಕಿನಿಂದ ತೆಳು ರಿಬ್ಬನ್ ಕತ್ತರಿಸಿ, ನೀರಿನ ಮೇಲೆ ತೇಲಿಸಿ, ಗಾಜಿಗೆ ಎತ್ತಿಕೊಂಡದ್ದು ಟಿಶ್ಯೂ ಸೆಕ್ಷನ್, 430856003. ಸ್ಕ್ಯಾನರ್ ನೋಡುವುದು ಈ ಮೂರನೆಯದನ್ನು ಮಾತ್ರ. ಹಾಗಾಗಿ ಇಮೇಜಿನ ಟೈಪ್ ಕೂಡ ಇದೇ. ಡಬ್ಬಿ ಮತ್ತು ಬ್ಲಾಕ್ ಕಳೆದುಹೋಗುವುದಿಲ್ಲ. ತಯಾರಿಕೆಯ ಹಂತಗಳನ್ನು ಬರೆಯುವ ಜಾಗದಲ್ಲಿ ‘ಈ ಸೆಕ್ಷನ್ ಇಂಥ ನಂಬರಿನ ಬ್ಲಾಕಿನಿಂದ, ಆ ಬ್ಲಾಕ್ ಇಂಥ ಡಬ್ಬಿಯಿಂದ’ ಅಂತ ಅವು ಟೈಪ್ ಸಮೇತ ಬರುತ್ತವೆ.

ಉಳಿದದ್ದನ್ನು ಹಂಚಿ. ಸ್ತನ, ಅಂದರೆ ನಾನು ತಪ್ಪು ಜಾಗಕ್ಕೆ ಹಾಕಿದ್ದ ಅದೇ 76752008, ಅಂಗದ ಜಾಗಕ್ಕೆ. ಎಡ ಅನ್ನುವುದು ಅದರ ಜೊತೆಗೆ. ಎಕ್ಸಿಷನ್ 65801008, ತೆಗೆದ ಹಂತಕ್ಕೆ. ಬಯಾಪ್ಸಿ ಆಗಿದ್ದರೆ 86273004. ಹೆಚ್ ಅಂಡ್ ಇ ಬಣ್ಣ ಎರಡು ವಸ್ತುವಾಗಿ ಹೋಗುತ್ತದೆ: ಹೆಮಟಾಕ್ಸಿಲಿನ್ 12710003, ಇಯೋಸಿನ್ 36879007. ಗಾಜಿನ ಸ್ಲೈಡ್ 433466003, ಅದು ಬರೀ ಪಾತ್ರೆ, ಸ್ಪೆಸಿಮೆನ್ ಅಲ್ಲ. ಇದು ಹೊಸಬರಿಗೆ ವಿಚಿತ್ರ ಅನಿಸುತ್ತದೆ. ಕಾಫಿ ಬೇರೆ, ಲೋಟ ಬೇರೆ, ಅಷ್ಟೇ.

ಹೀಗೆ ಹಂಚಿದ ಮೇಲೆ ಪಟ್ಟಿ ಎಷ್ಟು ಕುಗ್ಗಿತು ಅಂದರೆ ನನಗೇ ನಗು ಬಂತು. ಗರ್ಭಕೋಶ, ಥೈರಾಯ್ಡ್, ಅಪೆಂಡಿಕ್ಸ್ ಯಾವುದೇ ಇರಲಿ, ಗಾಜಿನ ಮೇಲಿರುವುದು ಟಿಶ್ಯೂ ಸೆಕ್ಷನ್ ತಾನೇ? ಐಎಚ್‌ಸಿ ಸ್ಲೈಡೂ ಅದೇ, ಬದಲಾಗುವುದು ಬಣ್ಣದ ಹಂತ. ಫ್ರೋಜನ್ (ಹೆಪ್ಪುಗಟ್ಟಿಸಿ ಕತ್ತರಿಸಿದ್ದು) ಕೂಡ ಅದೇ, ಬದಲಾಗುವುದು ಫಿಕ್ಸ್ ಮಾಡಿದ ಮತ್ತು ಕೂರಿಸಿದ ರೀತಿ. ಎಫ್‌ಎನ್‌ಎಸಿ (ಸೂಜಿಯಿಂದ ಹೀರಿದ ಜೀವಕೋಶ), ಪ್ಯಾಪ್ (ಗರ್ಭಕೋಶದ ಕೊರಳಿನಿಂದ ಕೆರೆದದ್ದು) ಮಾತ್ರ ಬೇರೆ. ಅಲ್ಲಿ ಕತ್ತರಿಸಿಲ್ಲ, ಬಳಿದಿದ್ದೇವೆ. ಅದಕ್ಕೆ ಸ್ಮಿಯರ್‌ನ ಕೋಡ್ ಹುಡುಕಿ. ಸೆಲ್ ಬ್ಲಾಕ್ (ಜೀವಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಕೂರಿಸಿದ್ದು) ಬಂದರೆ ಜಗಳ ಗ್ಯಾರಂಟಿ: ಬಂದದ್ದು ಸೂಜಿಯಿಂದ, ಕತ್ತರಿಸಿದ್ದು ಮೈಕ್ರೋಟೋಮ್‌ನಲ್ಲಿ. ನಮ್ಮ ಡಾಕ್ಟರ್ ಒಂದು ತೀರ್ಮಾನ ಬರೆದು ಸಹಿ ಹಾಕಿಕೊಟ್ಟರು. ನಾನು ಅದನ್ನು ಗೋಡೆಗೆ ಅಂಟಿಸಿದೆ. ಇಂಥದನ್ನು ಟೆಕ್ನಿಷಿಯನ್ ಒಬ್ಬಳೇ ತೀರ್ಮಾನಿಸಬಾರದು.

ಒಂದೇ ಗಾಜಿನ ಮೇಲೆ ಎರಡು ಡಬ್ಬಿಯ ತುಂಡು ಇದ್ದರೆ ಎರಡು ಸ್ಪೆಸಿಮೆನ್ ಅಂತಲೇ ಬರೆಯಿರಿ. ಯಾವುದು ಎಡಕ್ಕೆ, ಯಾವುದು ಬಲಕ್ಕೆ ಅಂತ ಹೇಳಲೂ ಡೈಕಾಮ್‌ನಲ್ಲಿ ಜಾಗ ಇದೆ.

ಕೋಡ್ ಯಾವ ಪಟ್ಟಿಯದು ಅಂತ ಹೇಳುವ ಒಂದು ಖಾನೆ ಇರುತ್ತದೆ. ಅಲ್ಲಿ ‘ಎಸ್‌ಸಿಟಿ’ ಬರಬೇಕು, ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಹಳೇ ಫೈಲುಗಳಲ್ಲಿ ‘ಎಸ್‌ಆರ್‌ಟಿ’ ಅಂತ, ಅಕ್ಷರದಿಂದ ಶುರುವಾಗುವ ಕೋಡ್ ಕಂಡರೆ ಅದು ಸ್ನೋಮೆಡ್‌ನ ಹಳೇ ಬಗೆ. ಹೊಸದಕ್ಕೆ ನಕಲು ಮಾಡಬೇಡಿ. ಲೈಸೆನ್ಸ್‌ಗೆ ದುಡ್ಡು ಕೊಡಬೇಕೇನೋ ಅಂತ ನಮ್ಮ ಆಫೀಸಿನವರು ಹೆದರಿದ್ದರು. ಭಾರತ 2014ರಿಂದ ಸ್ನೋಮೆಡ್‌ನ ಸದಸ್ಯ ದೇಶ. ಪುಣೆಯ ಸಿ-ಡ್ಯಾಕ್‌ನಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ನೋಂದಾಯಿಸಿದರೆ ಇಲ್ಲಿ ಬಳಸಲು ಶುಲ್ಕ ಇಲ್ಲ.

ಎಕ್ಸೆಲ್ ಬಗ್ಗೆ ಎಚ್ಚರ. ಸ್ನೋಮೆಡ್ ನಂಬರ್ 6ರಿಂದ 18 ಅಂಕಿಯವರೆಗೆ ಇರಬಹುದು. ಎಕ್ಸೆಲ್ 15 ಅಂಕಿ ಮಾತ್ರ ಸರಿಯಾಗಿ ಇಟ್ಟುಕೊಂಡು ಉಳಿದದ್ದನ್ನು ಸೊನ್ನೆ ಮಾಡಿಬಿಡುತ್ತದೆ. ಕಾಲಮ್ಮನ್ನು ಮೊದಲೇ ‘ಟೆಕ್ಸ್ಟ್’ ಮಾಡಿಕೊಳ್ಳಿ. ಡೈಕಾಮ್‌ನ ಮಾಮೂಲಿ ಕೋಡ್ ಖಾನೆಗೂ 16 ಅಕ್ಷರದ ಮಿತಿ ಇದೆ. ಅದಕ್ಕಿಂತ ಉದ್ದದ್ದಕ್ಕೆ ‘ಲಾಂಗ್ ಕೋಡ್ ವ್ಯಾಲ್ಯೂ’ ಅನ್ನುವ ಬೇರೆ ಖಾನೆ. ಕೊನೆಯ ಅಂಕಿ ತಾಳೆ ನೋಡುವುದಕ್ಕೇ ಇರುವುದರಿಂದ ಒಂದಂಕಿ ತಪ್ಪಿದರೆ ಸಾಫ್ಟ್‌ವೇರ್ ಹಿಡಿಯಬಲ್ಲದು. ಆ ತಪಾಸಣೆಯನ್ನು ನಿಮ್ಮ ವೆಂಡರ್ ಹತ್ತಿರ ಕೇಳಿ ಹಾಕಿಸಿಕೊಳ್ಳಿ.

ಏನೂ ಹೊಂದದಿದ್ದರೆ? ಹತ್ತಿರದ ತಪ್ಪು ಕೋಡ್‌ಗಿಂತ ಮೇಲಿನ ಹಂತದ, ಅಗಲ ಅರ್ಥದ ಕೋಡ್ ಒಳ್ಳೆಯದು. ‘ಸ್ಮಾಲ್’ ಅಂತ ಬರೆದಿದ್ದ ಹಳೇ ಕೇಸುಗಳಲ್ಲಿ ಕೆಲವಕ್ಕೆ ರಿಜಿಸ್ಟರ್ ಸಿಗಲಿಲ್ಲ, ಸ್ಲೈಡೂ ಇರಲಿಲ್ಲ. ಅವಕ್ಕೆ 119376003, ಬರೀ ಟಿಶ್ಯೂ ಸ್ಪೆಸಿಮೆನ್, ಅಂತ ಹಾಕಿ ಬಿಟ್ಟಿದ್ದೇನೆ. ನಿಮ್ಮದೇ ಕೋಡ್ ಮಾಡಲೇಬೇಕಾದರೆ ಪಟ್ಟಿಯ ಹೆಸರು 99ರಿಂದ ಶುರುವಾಗಲಿ, ಸ್ವಂತದ್ದು ಅಂತ ಹೊರಗಿನವರಿಗೆ ಗೊತ್ತಾಗುವುದು ಅದರಿಂದಲೇ. ನಮ್ಮದರಲ್ಲಿ ಅಂಥವು ಎರಡೇ ಇವೆ.