ಕಂಪ್ಯೂಟರ್ ಕೈಕೊಟ್ಟರೆ ಎಷ್ಟು ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ಕೂರಬಹುದು?

ಕಂಪನಿಯಲ್ಲಿರುವವರ ಕಂಪ್ಯೂಟರ್ ಕೆಟ್ಟರೆ ಐಟಿ ವಿಭಾಗಕ್ಕೊಂದು ಫೋನ್ ಮಾಡಿದರೆ ಮುಗಿಯಿತು. ಫ್ರೀಲಾನ್ಸ್ ಮಾಡುವವರಿಗೆ ಆ ವಿಭಾಗವೂ ನಾವೇ, ಗಡುವು ತಪ್ಪಿದರೆ ಉತ್ತರ ಹೇಳಬೇಕಾದವರೂ ನಾವೇ. ಹಾಗಾಗಿ ನನ್ನ ತಯಾರಿಯೆಲ್ಲ ಒಂದೇ ಪ್ರಶ್ನೆಯ ಸುತ್ತ ನಿಂತಿದೆ: ಈ ವಸ್ತು ಈಗಿಂದೀಗ ಹೋದರೆ ಎಷ್ಟು ಗಂಟೆಯಲ್ಲಿ ಮತ್ತೆ ಕೆಲಸಕ್ಕೆ ಕೂರಬಹುದು?

ಉತ್ತರ ಹುಡುಕಲು ಒಂದು ಹಾಳೆ ಸಾಕು. ಲ್ಯಾಪ್‌ಟಾಪ್, ಚಾರ್ಜರ್, ರೌಟರ್, ಫೋನ್, ಸಿಮ್, ಮುಖ್ಯ ಇಮೇಲ್ ಖಾತೆ, ಕೊನೆಗೆ ನನ್ನ ಆರೋಗ್ಯ ಎಂದು ಒಂದರ ಕೆಳಗೊಂದು ಬರೆಯುತ್ತೇನೆ. ಪ್ರತಿಯೊಂದರ ಎದುರು ಬದಲಿ ಎಲ್ಲಿದೆ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಮೂದಿಸುತ್ತೇನೆ. ನಾನು ಇಟ್ಟುಕೊಂಡ ಮಿತಿ 4 ಗಂಟೆ. ಅದನ್ನು ಮೀರುವ ಸಾಲು ಯಾವುದೋ ಅದಕ್ಕೇ ಮೊದಲು ಹಣ ಹಾಕುತ್ತೇನೆ. ಹೀಗೆ ಬರೆದು ನೋಡಿದರೆ ಎರಡನೇ ಮಾನಿಟರ್‌ಗಿಂತ ಎರಡನೇ ಚಾರ್ಜರ್ ಎಷ್ಟು ಮುಖ್ಯ ಎಂಬುದು ತಾನಾಗಿಯೇ ಕಾಣುತ್ತದೆ.

ಫೈಲ್‌ಗಳಿಗೆ 3-2-1 ಎಂಬ ಹಳೆಯ ಸೂತ್ರವೇ ಸಾಕು: 3 ಪ್ರತಿ, 2 ಬಗೆಯ ಮಾಧ್ಯಮ, 1 ಪ್ರತಿ ಮನೆಯಿಂದ ಹೊರಗೆ. ಹೆಚ್ಚಿನವರು ಎಡವುವುದು ಸಿಂಕ್ ವಿಷಯದಲ್ಲಿ. ಕ್ಲೌಡ್‌ಗೆ ಸಿಂಕ್ ಆಗುತ್ತಿದೆಯಲ್ಲ, ಅದೇ ಬ್ಯಾಕಪ್ ಎಂದುಕೊಳ್ಳುತ್ತಾರೆ. ಎರಡೂ ಕಡೆ ಒಂದೇ ಥರ ಇಡುವುದೇ ಸಿಂಕ್ ಮಾಡುವ ಕೆಲಸ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಇಲ್ಲಿ ರಾನ್ಸಮ್‌ವೇರ್ (ಫೈಲ್‌ಗಳನ್ನು ಒತ್ತೆಯಿಟ್ಟು ಹಣ ಕೇಳುವ ತಂತ್ರಾಂಶ) ಬೀಗ ಹಾಕಿದ ಫೈಲ್ ಅಲ್ಲಿಗೂ ಹೋಗುತ್ತದೆ. ಹಳೆಯ ಆವೃತ್ತಿಗಳನ್ನು ಕ್ಲೌಡ್ ಸೇವೆಗಳು ಇಟ್ಟುಕೊಂಡರೂ ಅದಕ್ಕೆ ದಿನಗಳ ಮಿತಿ ಇರುತ್ತದೆ. ಕಳೆದ ತಿಂಗಳ ಮಂಗಳವಾರ ಈ ಫೈಲ್ ಹೇಗಿತ್ತು ಎಂದರೆ ತೆಗೆದುಕೊಡಬೇಕು, ಅದು ಬ್ಯಾಕಪ್. ಆದ್ದರಿಂದ ಆವೃತ್ತಿ ಉಳಿಸುವ ಬ್ಯಾಕಪ್ ತಂತ್ರಾಂಶ ಬಳಸಿ ಎರಡು ಹೊರಗಿನ ಹಾರ್ಡ್ ಡಿಸ್ಕ್‌ಗಳಲ್ಲಿ ಸರದಿಯಂತೆ ಉಳಿಸುತ್ತೇನೆ; ಈ ವಾರ ಒಂದು, ಮುಂದಿನ ವಾರ ಇನ್ನೊಂದು. ಸರದಿ ಇಲ್ಲದ ಡಿಸ್ಕ್ ಬೇರೆ ಮನೆಯಲ್ಲಿರುತ್ತದೆ. ಡಿಸ್ಕ್‌ನ ಗಾತ್ರ ನನ್ನ ಒಟ್ಟು ಫೈಲ್‌ಗಳ ಎರಡರಷ್ಟು. ಕಡಿಮೆಯಾದರೆ ಹಳೆಯ ಆವೃತ್ತಿಗಳು ಬೇಗ ಅಳಿದುಹೋಗುತ್ತವೆ. ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಕಳಚಿಡುತ್ತೇನೆ. ಸದಾ ಸಿಕ್ಕಿಸಿಕೊಂಡೇ ಇರುವ ಡಿಸ್ಕ್, ಲ್ಯಾಪ್‌ಟಾಪ್‌ಗೆ ಏನಾಗುತ್ತದೋ ಅದನ್ನೇ ಅನುಭವಿಸುತ್ತದೆ.

ಕ್ಲೌಡ್‌ನಲ್ಲಿರುವ ಪ್ರತಿ ಹಿಂದಕ್ಕೆ ಬರಲು ಎಷ್ಟು ಹೊತ್ತು ಬೇಕೆಂದು ಲೆಕ್ಕ ಹಾಕಿ. 500 ಜಿಬಿ ಇದ್ದು, ಸಂಪರ್ಕದ ವೇಗ 50 ಎಂಬಿಪಿಎಸ್ ಇದ್ದರೆ, ಒಂದು ಕ್ಷಣವೂ ನಿಲ್ಲದೆ ಇಳಿದರೂ 22 ಗಂಟೆ. 4 ಗಂಟೆಯ ಮಿತಿ ಅಲ್ಲೇ ಮುರಿಯಿತು. ಆದ್ದರಿಂದ ಸದ್ಯ ನಡೆಯುತ್ತಿರುವ ಕೆಲಸಗಳಿಗೆ ‘ಚಾಲ್ತಿ’ ಎಂಬ ಬೇರೆ ಫೋಲ್ಡರ್ ಮಾಡಿ, ಅದು 20 ಜಿಬಿ ದಾಟದಂತೆ ನೋಡಿಕೊಳ್ಳುತ್ತೇನೆ. ಅದೇ ವೇಗದಲ್ಲಿ ಅದು ಒಂದು ಗಂಟೆಯೊಳಗೆ ಇಳಿಯುತ್ತದೆ. ಕೆಲಸ ಮುಗಿದ ಫೈಲ್‌ಗಳು ನಿಧಾನವಾಗಿ ಬಂದರೂ ಪರವಾಗಿಲ್ಲ.

ತಿರುಗುವ ಹಾರ್ಡ್ ಡಿಸ್ಕ್ ಸಾಯುವ ಮುಂಚೆ ಅನೇಕ ಸಲ ಸೂಚನೆ ಕೊಡುತ್ತದೆ: ಟಕ್ ಟಕ್ ಸದ್ದು, ಫೈಲ್ ತೆರೆಯಲು ವಿನಾಕಾರಣ ತಡ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ (SMART) ವರದಿಯಲ್ಲಿ, ಕೆಟ್ಟ ಜಾಗಗಳನ್ನು ಎಣಿಸುವ 5, 197, 198ನೇ ಸಾಲುಗಳ ಮೂಲಸಂಖ್ಯೆ (raw value) ಸೊನ್ನೆಯಿಂದ ಮೇಲೇರತೊಡಗಿದರೆ ಆ ಡಿಸ್ಕನ್ನು ನಂಬುವುದಿಲ್ಲ. ತಿರುಗುವ ಭಾಗವಿಲ್ಲದೆ ಚಿಪ್‌ಗಳಲ್ಲೇ ಉಳಿಸುವ ಎಸ್‌ಎಸ್‌ಡಿ ಹಾಗಲ್ಲ, ರಾತ್ರಿ ಚೆನ್ನಾಗಿದ್ದದ್ದು ಬೆಳಿಗ್ಗೆ ಕಾಣಿಸದೇ ಹೋಗಬಹುದು. ಅಳಿಸಿದ ಫೈಲ್‌ನ ಜಾಗವನ್ನು ಖಾಲಿ ಮಾಡಿಸುವ ಟ್ರಿಮ್ ಎಂಬ ವ್ಯವಸ್ಥೆ ಇರುವುದರಿಂದ ಅದರಲ್ಲಿ ಅಳಿಸಿದ ಫೈಲನ್ನು ಆಮೇಲೆ ಎತ್ತುವುದೂ ಬಹುಮಟ್ಟಿಗೆ ಅಸಾಧ್ಯ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಇಡೀ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ನಿಮಗೆ ಗೊತ್ತಿಲ್ಲದೆಯೇ ಚಾಲೂ ಇರಬಹುದು. ಮದರ್‌ಬೋರ್ಡ್ ಬದಲಿಸಿದರೆ, ಅಥವಾ ಎಸ್‌ಎಸ್‌ಡಿ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ, ಅದು 48 ಅಂಕಿಗಳ ರಿಕವರಿ ಕೀ ಕೇಳುತ್ತದೆ. ಕೀ ಇಲ್ಲದಿದ್ದರೆ ಡಿಸ್ಕ್ ಆರೋಗ್ಯವಾಗಿದ್ದೂ ಒಂದಕ್ಷರ ಕೈಗೆ ಸಿಗದು. ಇವತ್ತೇ ಆ ಅಂಕಿಗಳನ್ನು ಮುದ್ರಿಸಿ, ಲ್ಯಾಪ್‌ಟಾಪ್ ಬ್ಯಾಗ್ ಬಿಟ್ಟು ಬೇರೆಡೆ ಇಡಿ.

ಬದಲಿ ಯಂತ್ರವಾಗಿ ಹಳೆಯ ಲ್ಯಾಪ್‌ಟಾಪ್ ಸಾಕು, ಆದರೆ ಅದು ತಯಾರಾಗಿರಬೇಕು. ಪ್ರತಿ ತಿಂಗಳ 1ನೇ ತಾರೀಖು ಅದನ್ನು ತೆರೆದು ಅಪ್‌ಡೇಟ್ ಮುಗಿಸಿ, ಮುಖ್ಯ ತಂತ್ರಾಂಶಗಳಲ್ಲಿ ಲಾಗಿನ್ ಆಗಿದೆಯೇ ನೋಡಿ, ಬ್ಯಾಟರಿ ಅರ್ಧದಷ್ಟು ಇರುವಂತೆ ಮಾಡಿ ಎತ್ತಿಡುತ್ತೇನೆ. ಆರು ತಿಂಗಳು ಮುಟ್ಟದ ಯಂತ್ರ ಬೇಕಾದ ದಿನವೇ ಎರಡು ಗಂಟೆ ಅಪ್‌ಡೇಟ್ ಮಾಡಿಕೊಳ್ಳುತ್ತ ಕೂರುತ್ತದೆ. ಒಂದೆರಡು ಯಂತ್ರಗಳಿಗಷ್ಟೇ ಲೈಸೆನ್ಸ್ ಕೊಡುವ ತಂತ್ರಾಂಶಗಳಿದ್ದರೆ, ಸತ್ತ ಯಂತ್ರದ ಲೈಸೆನ್ಸನ್ನು ವೆಬ್‌ಸೈಟ್‌ನಿಂದ ಬಿಡಿಸಿಕೊಳ್ಳಲು ಬರುತ್ತದೆಯೇ ಎಂದು ಮೊದಲೇ ನೋಡಿಟ್ಟಿರಬೇಕು.

ಬದಲಿ ಚಾರ್ಜರ್ ಕೊಳ್ಳುವವರು ಕೇಬಲ್ ಮರೆಯುತ್ತಾರೆ. ಯುಎಸ್‌ಬಿ-ಸಿ ಚಾರ್ಜಿಂಗ್‌ನಲ್ಲಿ 3 ಆಂಪ್‌ನ ಸಾಮಾನ್ಯ ಕೇಬಲ್, 20 ವೋಲ್ಟ್‌ನಲ್ಲಿ 60 ವಾಟ್‌ಗಿಂತ ಹೆಚ್ಚು ಸಾಗಿಸುವುದಿಲ್ಲ. 100 ವಾಟ್ ಚಾರ್ಜರ್‌ಗೆ ಅದನ್ನು ಸಿಕ್ಕಿಸಿದರೆ ಭಾರಿ ಕೆಲಸದ ನಡುವೆ ಬ್ಯಾಟರಿ ಏರುವ ಬದಲು ಇಳಿಯುತ್ತಲೇ ಹೋಗಬಹುದು. 5 ಆಂಪ್ ಎಂದು ನಮೂದಿಸಿದ ಕೇಬಲ್ ಬೇಕು. ಟಚ್‌ಪ್ಯಾಡ್ ಮೇಲೆದ್ದಂತೆ, ಕೆಳಭಾಗ ಉಬ್ಬಿದಂತೆ ಕಂಡರೆ ಬ್ಯಾಟರಿ ಊದಿದೆ ಎಂದರ್ಥ. ಆ ಕ್ಷಣವೇ ಚಾರ್ಜಿಂಗ್ ನಿಲ್ಲಿಸಿ, ಒತ್ತಬೇಡಿ, ಚುಚ್ಚಬೇಡಿ. ನೀರೋ ಕಾಫಿಯೋ ಚೆಲ್ಲಿದರೆ ಪವರ್ ಗುಂಡಿ ಒತ್ತಿಹಿಡಿದು ಆರಿಸಿ, ಚಾರ್ಜರ್ ಕಿತ್ತು, ಕೀಬೋರ್ಡ್ ಕೆಳಮುಖವಾಗಿ ಮಗುಚಿಡಿ. ನಡೆಯುತ್ತದೆಯೇ ನೋಡೋಣ ಎಂದು ಆನ್ ಮಾಡುವುದೇ ಬೋರ್ಡ್ ಸುಡುವ ದಾರಿ. ಅಕ್ಕಿಯಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಒಳಗೆ ಉಳಿದ ಸಕ್ಕರೆ, ಲವಣ ತುಕ್ಕು ಹಿಡಿಸುತ್ತವೆ, ಅದನ್ನು ಬಿಚ್ಚಿಯೇ ತೊಳೆಯಬೇಕು.

ಯುಪಿಎಸ್ ಮೇಲಿನ 600 ವಿಎ ಎಂಬುದು 600 ವಾಟ್ ಅಲ್ಲ. ಅಂಥ ಪೆಟ್ಟಿಗೆ ಸಾಮಾನ್ಯವಾಗಿ 360 ವಾಟ್ ಆಸುಪಾಸಿನದು. ಒಳಗಿರುವ 12 ವೋಲ್ಟ್, 7 ಆಂಪ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವಾಟ್-ಅವರ್ ಇದೆ, ವೇಗವಾಗಿ ಹೀರಿದಾಗ ಸಿಗುವುದು ಹೆಚ್ಚುಕಡಿಮೆ ಅರ್ಧ. 150 ವಾಟ್ ಎಳೆಯುವ ಡೆಸ್ಕ್‌ಟಾಪ್ 10–15 ನಿಮಿಷ ನಡೆದೀತು. ಅದು ಸೇವ್ ಮಾಡಿ ಆರಿಸಲು ಇರುವ ಸಮಯ, ಕೆಲಸ ಮುಂದುವರಿಸಲು ಅಲ್ಲ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲೇಬಾರದು. ಅದು ಬಿಸಿಯಾಗುವಾಗ ಎಳೆಯುವ ಕರೆಂಟ್‌ಗೆ ಯುಪಿಎಸ್ ಕೈಚೆಲ್ಲುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರಿಗೆ ಕರೆಂಟ್ ಬೇಕಿರುವುದು ರೌಟರ್‌ಗೆ. ಅದಕ್ಕೆ ಪುಟ್ಟ ಡಿಸಿ ಯುಪಿಎಸ್ ಸಿಗುತ್ತದೆ. ರೌಟರ್ ಅಡಾಪ್ಟರ್ ಮೇಲೆ ಬರೆದ ವೋಲ್ಟ್‌ಗೆ ಸರಿಯಾಗಿ ಹೊಂದಬೇಕು, ಆಂಪ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಪಿನ್‌ನ ಧನ-ಋಣ ದಿಕ್ಕೂ ಅದೇ ಇರಬೇಕು.

ಫೋನ್‌ನ ಹಾಟ್‌ಸ್ಪಾಟ್ ಎರಡನೇ ಇಂಟರ್ನೆಟ್. ಅದರ ಸಿಮ್ ಮನೆಯ ಸಂಪರ್ಕ ಕೊಟ್ಟ ಕಂಪನಿಯದೇ ಆಗಿದ್ದರೆ ಎರಡೂ ಒಟ್ಟಿಗೆ ಬೀಳುವ ಸಾಧ್ಯತೆ ಹೆಚ್ಚು. ಹಾಟ್‌ಸ್ಪಾಟನ್ನು ಮೊದಲೇ ಮೀಟರ್ಡ್ (ಡೇಟಾ ಮಿತಿಯಿರುವ) ಸಂಪರ್ಕ ಎಂದು ಗುರುತು ಮಾಡಿಡಿ, ಇಲ್ಲದಿದ್ದರೆ ಅಪ್‌ಡೇಟ್, ಕ್ಲೌಡ್ ಬ್ಯಾಕಪ್‌ಗಳೇ ಡೇಟಾ ನುಂಗಿಬಿಡುತ್ತವೆ.

ನಿಜವಾದ ಗಂಟು ಇರುವುದು ಫೋನ್ ಕಳೆದಾಗ. ಹೊಸ ಲ್ಯಾಪ್‌ಟಾಪ್ ತೆರೆಯುತ್ತೀರಿ, ಇಮೇಲ್ ಪಾಸ್‌ವರ್ಡ್ ಕೇಳುತ್ತದೆ. ಅದು ಎಲ್ಲ ಪಾಸ್‌ವರ್ಡ್‌ಗಳನ್ನೂ ಕೂಡಿಡುವ ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿದೆ. ಮ್ಯಾನೇಜರ್ ಫೋನ್‌ನ ಕೋಡ್ ಕೇಳುತ್ತದೆ. ಫೋನ್ ಇಲ್ಲ. ಬೇರೆ ದಾರಿ ಎಂದು ಒತ್ತಿದರೆ ಇಮೇಲ್‌ಗೆ ಲಿಂಕ್ ಕಳಿಸಿದ್ದೇವೆ ಎನ್ನುತ್ತದೆ. ಈ ಸುತ್ತಿನಿಂದ ಹೊರಬರಲು ಇಮೇಲ್ ಮತ್ತು ಪಾಸ್‌ವರ್ಡ್ ಮ್ಯಾನೇಜರ್ ಎರಡರ ರಿಕವರಿ ಕೋಡ್‌ಗಳೂ ಕಾಗದದಲ್ಲಿರಬೇಕು: ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಹೊರಗಿನ ಹಾರ್ಡ್ ಡಿಸ್ಕ್ ಇರುವ ಮನೆಯಲ್ಲಿ, ಡಿಸ್ಕ್‌ನಿಂದ ಬೇರೆಯಾಗಿ, ಮುಚ್ಚಿದ ಲಕೋಟೆಯಲ್ಲಿ.

ನಾವೇ ಮಲಗಿದರೆ? ಆಸ್ಪತ್ರೆಯಿಂದ ಮೆಸೇಜ್ ಕಳಿಸಲಾಗದ ಸ್ಥಿತಿಗೂ ಒಂದು ಲಕೋಟೆ ಮಾಡಿ ಮನೆಯವರ ಕೈಗೆ ಕೊಟ್ಟಿದ್ದೇನೆ. ಅದರಲ್ಲಿ ಚಾಲ್ತಿ ಗ್ರಾಹಕರ ಹೆಸರು, ನಂಬರ್, ಗಡುವು, ಕಳಿಸಬೇಕಾದ ಎರಡು ಸಾಲಿನ ಮೆಸೇಜ್. ಕೆಲಸ ವಹಿಸಿಕೊಳ್ಳಬಲ್ಲ ಒಬ್ಬ ಸಹೋದ್ಯೋಗಿಯೊಂದಿಗೆ ದರ ಮೊದಲೇ ಮಾತಾಡಿಕೊಂಡು, ಬೇರೆಯವರಿಗೆ ಫೈಲ್ ಕೊಡಲು ಗ್ರಾಹಕರ ಒಪ್ಪಿಗೆಯನ್ನು ಕರಾರಿನಲ್ಲೇ ಪಡೆದಿರಬೇಕು. ಕನಿಷ್ಠ ಮೂರು ತಿಂಗಳ ಖರ್ಚು ಒಂದು ಖಾತೆಯಲ್ಲಿ, ಹೊಸ ಲ್ಯಾಪ್‌ಟಾಪ್‌ನ ಪೂರ್ತಿ ಬೆಲೆ ಅದರಿಂದ ಬೇರೆಯಾಗಿ.

ಏನೇ ಕೆಟ್ಟರೂ ಮೊದಲ ಗಂಟೆಯೊಳಗೆ ಗ್ರಾಹಕರಿಗೆ ತಿಳಿಸುತ್ತೇನೆ: ‘ಕಂಪ್ಯೂಟರ್ ಕೆಟ್ಟಿದೆ. ನಿಮ್ಮ ಫೈಲ್‌ಗಳು ಸುರಕ್ಷಿತವಾಗಿವೆ. ನಾಳೆ ಬೆಳಿಗ್ಗೆ 11ಕ್ಕೆ ಕೊಡಬೇಕಿದ್ದದ್ದು ಸಂಜೆ 5ಕ್ಕೆ ಬರುತ್ತದೆ. ಇವತ್ತು ರಾತ್ರಿ 8ಕ್ಕೆ ಮತ್ತೆ ತಿಳಿಸುತ್ತೇನೆ.’ ಹೇಳಲು ಹೊಸದೇನೂ ಇಲ್ಲದಿದ್ದರೂ 8ಕ್ಕೆ ಮೆಸೇಜ್ ಹೋಗಲೇಬೇಕು.

ಮೂರು ತಿಂಗಳಿಗೊಮ್ಮೆ ಮುಖ್ಯ ಲ್ಯಾಪ್‌ಟಾಪ್ ಮುಚ್ಚಿಟ್ಟು, ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಬದಲಿ ಯಂತ್ರದಲ್ಲಿ ಒಂದು ನಿಜವಾದ ಕೆಲಸವನ್ನು ಬ್ಯಾಕಪ್‌ನಿಂದ ತೆಗೆದು ಮುಗಿಸಿ ಕಳಿಸುತ್ತೇನೆ. ಸಿಕ್ಕಿಬೀಳುವುದು ಯಾವಾಗಲೂ ಸಣ್ಣ ಜಾಗಗಳಲ್ಲಿ: ಇಲ್ಲದ ಫಾಂಟ್, ಲಾಗಿನ್ ಆಗದ ಬಿಲ್ಲಿಂಗ್ ತಂತ್ರಾಂಶ, ಬ್ಯಾಕಪ್‌ಗೆ ಸೇರದ ಡೌನ್‌ಲೋಡ್ಸ್ ಫೋಲ್ಡರ್. ಹಾಳೆಯಲ್ಲಿ ಅಂದಾಜಿನ ಪಕ್ಕ ನಿಜವಾಗಿ ಹಿಡಿದ ಸಮಯವನ್ನೂ ಮುಂದಿನ ಪರೀಕ್ಷೆಯ ತಾರೀಖನ್ನೂ ಬರೆದು, ಹಾಳೆಯನ್ನು ರಿಕವರಿ ಕೋಡ್‌ಗಳ ಜೊತೆ ಸೇರಿಸಿಡುತ್ತೇನೆ.