ಎಚ್-4 ಸಂಗಾತಿಗೆ ಅಮೆರಿಕದಲ್ಲಿ ಕೆಲಸದ ಪರವಾನಗಿ: ಬೆಳಗಾವಿಯಲ್ಲೇ ಆಗಬೇಕಾದ ಸಿದ್ಧತೆ

ಬೆಳಗಾವಿಯಿಂದ ಎಚ್-1ಬಿ (ಪರಿಣತ ವಿದೇಶಿ ನೌಕರರಿಗೆ ಕೊಡುವ) ವೀಸಾದ ಮೇಲೆ ಅಮೆರಿಕಕ್ಕೆ ಹೋದವರ ಪತ್ನಿ ಅಥವಾ ಪತಿಗೆ ದೊರೆಯುವ ಎಚ್-4 ವೀಸಾ ಅಲ್ಲಿ ವಾಸಿಸಲು ಅವಕಾಶ ಕೊಡುತ್ತದೆಯೇ ಹೊರತು ದುಡಿಯುವ ಹಕ್ಕನ್ನು ತಾನಾಗಿ ಕೊಡುವುದಿಲ್ಲ. 2015ರ ಮೇ 26ರಂದು ಜಾರಿಗೆ ಬಂದ ನಿಯಮದಂತೆ, ಎಚ್-1ಬಿ ನೌಕರರ ಐ-140 ಅರ್ಜಿ (ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಅನುಮತಿಗಾಗಿ ಸಾಮಾನ್ಯವಾಗಿ ಕಂಪನಿ ಸಲ್ಲಿಸುವ ಅರ್ಜಿ) ಮಂಜೂರಾಗಿದ್ದರೆ, ಅಥವಾ ಗ್ರೀನ್ ಕಾರ್ಡ್ ಪ್ರಕ್ರಿಯೆಯ ಕಾರಣಕ್ಕೆ ಅವರ ಎಚ್-1ಬಿ ಅವಧಿ ಆರು ವರ್ಷಗಳಾಚೆಗೆ ವಿಸ್ತರಣೆಗೊಂಡಿದ್ದರೆ ಮಾತ್ರ, ಸಂಗಾತಿಯು ಅಮೆರಿಕ ತಲುಪಿದ ಮೇಲೆ ಐ-765 ನಮೂನೆಯಲ್ಲಿ ಕೆಲಸದ ಪರವಾನಗಿ ಕೋರಬಹುದು. ಆದ್ದರಿಂದ ಇಲ್ಲಿನ ನೌಕರಿಗೆ ರಾಜೀನಾಮೆ ಕೊಡುವ ಮುನ್ನ ಐ-140 ಯಾವ ಹಂತದಲ್ಲಿದೆ ಎಂದು ವಿಚಾರಿಸಿಕೊಳ್ಳಿ. ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಇದರ ನಂತರದ ಮಾತು.

ಮದುವೆಯನ್ನು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿ. ಪ್ರಮಾಣಪತ್ರ ಕನ್ನಡದಲ್ಲಿದ್ದರೆ, ಅನುವಾದ ಪೂರ್ಣ ಹಾಗೂ ನಿಖರವೆಂದು ಅನುವಾದಕರು ಸಹಿ ಮಾಡಿ ದೃಢೀಕರಿಸಿದ ಇಂಗ್ಲಿಷ್ ಪ್ರತಿಯನ್ನು ಅರ್ಜಿಯ ಜೊತೆಗಿಡಬೇಕು. ಮದುವೆಯ ನಂತರ ತಂದೆಯ ಹೆಸರಿನ ಜಾಗದಲ್ಲಿ ಗಂಡನ ಹೆಸರು ಸೇರಿಸುವ ರೂಢಿ ನಮ್ಮ ಕಡೆಯ ಅನೇಕ ಮನೆಗಳಲ್ಲಿರುವುದರಿಂದ, ಪಾಸ್‌ಪೋರ್ಟ್ ಮತ್ತು ಪ್ರಮಾಣಪತ್ರದ ಹೆಸರುಗಳನ್ನು ಅಕ್ಷರಶಃ ಹೋಲಿಸಿ ನೋಡಿ.

ಈ ಪರವಾನಗಿ ಒಂದೇ ಕಂಪನಿಗೆ ಸೀಮಿತವಲ್ಲ. ನವೀಕರಣವನ್ನು ಅವಧಿ ಮುಗಿಯುವ 180 ದಿನಗಳ ಮುಂಚಿನಿಂದಲೇ ಕೋರಬಹುದು. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ನವೀಕರಣ ಅರ್ಜಿಗಳಿಗೆ, ಹಳೆಯ ಪರವಾನಗಿಯ ಅವಧಿಗೆ ತಾನಾಗಿ ಸಿಗುತ್ತಿದ್ದ ವಿಸ್ತರಣೆ ನಿಂತಿರುವುದರಿಂದ, ಹೊಸ ಪರವಾನಗಿ ಕಾರ್ಡ್ ಬರುವುದು ತಡವಾದರೆ ಕೆಲಸ ನಿಲ್ಲಿಸಬೇಕಾಗುತ್ತದೆ.